ಗೋಡೆಯ ಮೇಲಿನ ಒಂಟಿ ತಂತಿ

ಅಮೆರಿಕದ ಮೆಂಫಿಸ್ ನಗರ ದಾಟಿ ಹೈವೇ 61ರಲ್ಲಿ ಒಂದು ಗಂಟೆ ಬಂದಿರಬಹುದು. ರಸ್ತೆಯ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಹತ್ತಿ. ಅಕ್ಟೋಬರ್ ತಿಂಗಳು, ಕಾಯಿ ಒಡೆದು ಹೊಲಕ್ಕೆ ಹೊಲವೇ ಬೆಳ್ಳಗಾಗಿತ್ತು. ಕಾರು ಓಡಿಸುತ್ತಿದ್ದ ತಂಗಿ ವೇಗ ತಗ್ಗಿಸಿ, "ಅಣ್ಣಾ, ನವಲಗುಂದದ ಹಾದಿ ಹಿಡದಂಗ ಅನಸ್ತದ ಅಲ್ಲಾ?" ಅಂದಳು. ನನಗೂ ಅದೇ ಅನಿಸಿತ್ತು. ಗುಡ್ಡ ಇಲ್ಲ, ತಗ್ಗು ಇಲ್ಲ. ಚಾಪೆ ಹಾಸಿದ ಹಾಗೆ ನೆಲ, ಅದರ ಮೇಲೆ ಬರೀ ಆಕಾಶ.

ಈ ನಂಟು ಸುಮ್ನೆ ಕಣ್ಣಿನದ್ದಲ್ಲ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ನ್ಯೂ ಆರ್ಲಿಯನ್ಸ್ ಜಾತಿಯ ಹತ್ತಿ ಬೀಜವನ್ನು ನಮ್ಮ ಧಾರವಾಡ ಸೀಮೆಯ ಎರೆ ಹೊಲಕ್ಕೆ ತಂದರು. ಅದು ನಮ್ಮ ನೆಲದಲ್ಲಿ ಚೆನ್ನಾಗಿ ಹತ್ತಿತು. 'ಧಾರವಾಡ ಅಮೆರಿಕನ್' ಎಂಬ ಹೆಸರಲ್ಲೇ ಮಾರಾಟವಾಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತುಹೋದಾಗ ಇಂಗ್ಲೆಂಡಿನ ಗಿರಣಿಗಳು ನಮ್ಮ ಕಡೆಯ ಅರಳೆಗೆ ಮುಗಿಬಿದ್ದವು. ನಮ್ಮ ಮುತ್ತಜ್ಜಂದಿರು ಬಿತ್ತಿದ ಆ ಬೀಜವನ್ನು ಅದರ ತವರಿನಲ್ಲಿ ಬೆಳೆದು ಬಿಡಿಸುತ್ತಿದ್ದವರು ಗುಲಾಮರು. ಅವರ ಮಕ್ಕಳು ಮೊಮ್ಮಕ್ಕಳು ಕಟ್ಟಿದ, ಬ್ಲೂಸ್ ಎಂಬ ಹಾಡನ್ನು ಹುಡುಕಿಕೊಂಡು ನಾನು ಇಷ್ಟು ದೂರ ಬಂದಿದ್ದೆ.

ಇದನ್ನು ಮಿಸಿಸಿಪ್ಪಿ ಡೆಲ್ಟಾ ಅಂತಾರೆ. ನದಿ ಸಮುದ್ರ ಸೇರುವ ಜಾಗ ಅಲ್ಲ ಇದು. ಮಿಸಿಸಿಪ್ಪಿ ಮತ್ತು ಯಾಝೂ ಎಂಬ ಎರಡು ನದಿಗಳ ನಡುವೆ, ನೆರೆ ನೀರು ಸಾವಿರಾರು ವರ್ಷ ತಂದು ಸುರಿದ ಮಣ್ಣು. 1865ರಲ್ಲಿ ಗುಲಾಮಗಿರಿ ಮುಗಿಯಿತು, ಹತ್ತಿ ಮುಗಿಯಲಿಲ್ಲ. ಕಪ್ಪು ಜನ ಅದೇ ಧಣಿಗಳ ಹೊಲವನ್ನು ಅರ್ಧ ಪಾಲಿಗೆ ಮಾಡತೊಡಗಿದರು. ಬೀಜ, ಹೇಸರಗತ್ತೆ, ಮನೆಯ ಹಿಟ್ಟು ಎಲ್ಲ ಧಣಿಯ ಅಂಗಡಿಯಿಂದ ಉದ್ರಿ. ಡಿಸೆಂಬರ್ ಹೊತ್ತಿಗೆ ಲೆಕ್ಕ. ಪುಸ್ತಕ ಧಣಿಯ ಕೈಯಲ್ಲಿ, ಓದು ಬಾರದವನು ಏನು ಕೇಳಿಯಾನು? ವರ್ಷವಿಡೀ ದುಡಿದು ಕೊನೆಗೆ ಮೈಮೇಲೆ ಸಾಲ ಉಳಿದವರೇ ಜಾಸ್ತಿ. ಈ ಲೆಕ್ಕದ ಪುಸ್ತಕ ಗೊತ್ತಿಲ್ಲದೆ ಬ್ಲೂಸ್ ಕೇಳಿದರೆ ಅದು ಬರೀ ಮುರಿದ ಪ್ರೀತಿಯ ಹಾಡು ಅನಿಸುತ್ತದೆ.

ಕ್ಲಾರ್ಕ್ಸ್‌ಡೇಲ್ ಸಣ್ಣ ಊರು. ಅರ್ಧ ಅಂಗಡಿಗಳ ಬಾಗಿಲು ಮುಚ್ಚಿದೆ. ಹಳೆಯ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಡೆಲ್ಟಾ ಬ್ಲೂಸ್ ಮ್ಯೂಸಿಯಂ ಇದೆ. ಒಳಗೆ ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ ಇದ್ದ ಮರದ ಮನೆಯನ್ನೇ ತಂದು ನಿಲ್ಲಿಸಿದ್ದಾರೆ. ಅವರ ನಿಜ ಹೆಸರು ಮೆಕಿನ್ಲಿ ಮಾರ್ಗನ್‌ಫೀಲ್ಡ್. ಊರ ಹೊರಗಿನ ಸ್ಟೋವಲ್ ಎಂಬ ದೊಡ್ಡ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದರು. 1941ರಲ್ಲಿ ಜನಪದ ಹಾಡು ಸಂಗ್ರಹಿಸುತ್ತಿದ್ದ ಅಲನ್ ಲೋಮ್ಯಾಕ್ಸ್ ಮತ್ತು ಜಾನ್ ವರ್ಕ್ ಧ್ವನಿಮುದ್ರಣದ ಯಂತ್ರ ಹೊತ್ತು ಅಲ್ಲಿಗೆ ಬಂದರು, ಅವರ ಹಾಡು ಹಿಡಿದರು. ತಮ್ಮದೇ ದನಿ ತಟ್ಟೆಯಿಂದ ಬಂದದ್ದು ಕೇಳಿ, ತಾನೂ ಹಾಡುಗಾರನೇ ಎಂಬ ಧೈರ್ಯ ಅವರಿಗೆ ಬಂತು. ಎರಡು ವರ್ಷಕ್ಕೆ ಕೂಲಿ ಸ್ವಲ್ಪ ಏರಿಸಿ ಎಂದು ಕೇಳಿದರು. ಮೇಲ್ವಿಚಾರಕ ಏರಿಸಲಿಲ್ಲ. ರೈಲು ಹತ್ತಿ ಷಿಕಾಗೋಗೆ ಹೋದರು. ಅಲ್ಲಿ ಕೈಗೆ ಎಲೆಕ್ಟ್ರಿಕ್ ಗಿಟಾರ್ ಬಂದ ಮೇಲೆ ನಡೆದದ್ದು ಲೋಕಕ್ಕೇ ಗೊತ್ತು. ಆ ಮರದ ಗೋಡೆಯ ಮುಂದೆ ನಾನು ತುಂಬಾ ಹೊತ್ತು ನಿಂತೆ. ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು. ಚಳಿಗಾಲದಲ್ಲಿ ಇಲ್ಲಿ ಹೇಗೆ ಮಲಗುತ್ತಿದ್ದರೋ.

61 ಮತ್ತು 49ನೇ ಹೆದ್ದಾರಿಗಳು ಕೂಡುವ ಕಡೆ ಕಂಬದ ಮೇಲೆ ನೀಲಿ ಗಿಟಾರ್‌ಗಳನ್ನು ಏರಿಸಿದ್ದಾರೆ. ಎಲ್ಲರೂ ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬ್ಲೂಸ್ ಗಿಟಾರ್ ವಾದಕ ರಾಬರ್ಟ್ ಜಾನ್ಸನ್ ನಡುರಾತ್ರಿ ಹೀಗೊಂದು ಕೂಡುರಸ್ತೆಯಲ್ಲಿ ಸೈತಾನನಿಗೆ ಆತ್ಮ ಮಾರಿ ವಿದ್ಯೆ ಪಡೆದರು ಅನ್ನೋ ಕಥೆ. ನನಗೆ ಈ ಕಥೆ ಕಂಡರೆ ಬೇಜಾರು. ಹ್ಯಾಝಲ್‌ಹರ್ಸ್ಟ್ ಎಂಬ ಊರಿನ ಕಡೆ ಐಕ್ ಝಿಮ್ಮರ್‌ಮನ್ ಎಂಬವರ ಹತ್ತಿರ ಕೂತು ಆ ಹುಡುಗ ಕಲಿತದ್ದು. ರಾತ್ರಿ ಯಾರ ನಿದ್ದೆಯೂ ಕೆಡದಿರಲಿ ಅಂತ ಸ್ಮಶಾನಕ್ಕೆ ಹೋಗಿ ಇಬ್ಬರೂ ಅಭ್ಯಾಸ ಮಾಡುತ್ತಿದ್ದರಂತೆ. ಅಷ್ಟು ಬೆವರು ಹರಿಸಿದವರ ಕೈಯಿಂದ ಕಿತ್ತು ಸೈತಾನನ ಕೈಗೆ ಕೊಡುವುದು ಯಾವ ನ್ಯಾಯ? 1936 ಮತ್ತು 37ರಲ್ಲಿ ಟೆಕ್ಸಸ್‌ನಲ್ಲಿ 29 ಹಾಡು ಮುದ್ರಿಸಿ, 1938ರಲ್ಲಿ 27ನೇ ವಯಸ್ಸಿಗೆ ತೀರಿಕೊಂಡರು. ನಾವು ಫೋಟೊ ತೆಗೆಯದೆ ಮುಂದೆ ಹೋದೆವು.

ನನ್ನ ಪ್ರವಾಸ ನಿಜವಾಗಿ ಶುರುವಾದದ್ದು ಆ ಸಂಜೆ, ಒಂದು ಸಣ್ಣ ಅಂಗಡಿಯಲ್ಲಿ. ಹಿರಿಯರೊಬ್ಬರು ಅಲ್ಲಿ ವಾದ್ಯ ಮಾಡುತ್ತಾರೆ. ವಾದ್ಯ ಅಂದರೆ ಏನು, ಒಂದು ಹಲಗೆ, ಎರಡು ಮೊಳೆ, ನಡುವೆ ಬಿಗಿದ ಒಂದೇ ತಂತಿ. ತಂತಿ ಎದ್ದು ನಿಲ್ಲಲು ಕೆಳಗೊಂದು ಗಾಜಿನ ಬಾಟಲಿ. ಡಿಡ್ಲಿ ಬೋ ಅಂತ ಹೆಸರು. ಅವರ ಬಾಲ್ಯದಲ್ಲಿ ಹಲಗೆಯೂ ಇರಲಿಲ್ಲವಂತೆ. ಪೊರಕೆ ಕಟ್ಟಿದ ತಂತಿ ಬಿಚ್ಚಿ ಮನೆಯ ಹೊರಗೋಡೆಗೇ ಹೊಡೆಯುತ್ತಿದ್ದರು. ಗೋಡೆ ಮರದ್ದು, ಹಾಗಾಗಿ ದನಿ ಮೊಳಗಿಸುವ ಬುರುಡೆ ಮನೆಯೇ. ನುಡಿಸಿದರೆ ಒಳಗೆ ಮಲಗಿದ ಅಜ್ಜಿಗೂ ಕೇಳುತ್ತಿತ್ತು ಎಂದರು. ಹೆಸರಾಂತ ಬ್ಲೂಸ್ ಗಿಟಾರ್ ವಾದಕ ಬಿ. ಬಿ. ಕಿಂಗ್ ಸಹ ಇಂಥದ್ದೇ ಒಂಟಿ ತಂತಿಯಿಂದ ಶುರು ಮಾಡಿದವರು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ಮಕ್ಕಳು ಇದರ ಅಣ್ಣತಮ್ಮಂದಿರಂಥ ವಾದ್ಯ ನುಡಿಸುತ್ತಿದ್ದರು. ಸೋರೆ ಬುರುಡೆಗೆ ಚರ್ಮ ಬಿಗಿದ ಬ್ಯಾಂಜೊ ಕೂಡ ಅಲ್ಲಿಂದಲೇ ಬಂದದ್ದು. ಹಡಗಿನ ತಳದಲ್ಲಿ ಸರಪಳಿ ಬಿಗಿಸಿಕೊಂಡು ಬಂದವರು ವಾದ್ಯ ತರಲಾಗಲಿಲ್ಲ, ಮಾಡುವುದು ಹೇಗೆ ಅನ್ನುವುದನ್ನು ತಂದರು.

ಎಡಗೈಗೆ ಔಷಧಿಯ ಸಣ್ಣ ಶೀಶೆ ಕೊಟ್ಟರು. ನಾನು ತಂತಿಯ ಮೇಲೆ ಗಟ್ಟಿಯಾಗಿ ಒತ್ತಿದೆ. ದನಿ ಸತ್ತೇ ಹೋಯಿತು. ಅವರು ನನ್ನ ಮಣಿಕಟ್ಟು ಹಿಡಿದು ಎತ್ತಿದರು. ಒತ್ತಬೇಡ, ಮುಟ್ಟು ಸಾಕು. ಶೀಶೆ ಜಾರಿತು, ತಂತಿ ಅಳುವ ಹಾಗೆ ಮೇಲೇರಿತು. ನಾನು ಧಾರವಾಡದಲ್ಲಿ ಬೆಳೆದವನು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಕೇಳಿ ಗೊತ್ತು. ಆದರೆ ಆ ಸ್ವರ ಕೋಮಲ ಗಾಂಧಾರದಲ್ಲೂ ನಿಲ್ಲಲಿಲ್ಲ, ಶುದ್ಧ ಗಾಂಧಾರಕ್ಕೂ ಹೋಗಲಿಲ್ಲ. ನಡುವೆ ಎಲ್ಲೋ ಕೂತಿತು. ಇವರು ಬ್ಲೂ ನೋಟ್ ಅನ್ನುವುದು ಅದನ್ನೇ. ಪಿಯಾನೊದಲ್ಲಿ ಅದಕ್ಕೆ ಮನೆಯೇ ಇಲ್ಲ. ನಾನು ಸಾ, ಗಾ ಎಂದು ಹಾಡಿ ತೋರಿಸಿದೆ. ಅವರು ಕಣ್ಣು ಮುಚ್ಚಿ ನನ್ನ ಗಾ ಹಿಡಿದು, ಸ್ವಲ್ಪ ಕೆಳಕ್ಕೆ ಎಳೆದು ತಮ್ಮ ಜಾಗಕ್ಕೆ ತಂದರು. ತಂಗಿ ಫೋನ್ ಕೆಳಗಿಟ್ಟು ಸುಮ್ಮನೆ ಕೂತಳು.

ಆಮೇಲೆ ಅವರು ಒಂದು ಸಾಲು ಹಾಡಿದರು. ಅದನ್ನೇ ಮತ್ತೆ ಹಾಡಿದರು. ಮೂರನೆಯ ಸಾಲು ಅದಕ್ಕೆ ಉತ್ತರ. ಪ್ರತಿ ಸಾಲಿನ ಕೊನೆಗೆ ಸ್ವಲ್ಪ ಜಾಗ ಬಿಟ್ಟರು, ಅಲ್ಲಿ ತಂತಿ ಮಾತಾಡಿತು. ನಮ್ಮ ಕಡೆ ಕಣದಲ್ಲಿ ರಾಶಿ ಮಾಡುವಾಗ ಹಾಡುವ ಹಂತಿ ಪದದಲ್ಲಿ ಒಬ್ಬರು ಎತ್ತಿದ ಸೊಲ್ಲನ್ನು ಹಿಂದಿನವರು ಹಿಡಿಯುತ್ತಾರಲ್ಲ, ಹಾಗೆ. ಹೊಲದಲ್ಲಿ ಸಾಲು ಹಿಡಿದು ಕೆಲಸ ಮಾಡುವಾಗ ಒಬ್ಬ ಕೂಗಿ, ಉಳಿದವರು ಓಗೊಟ್ಟ ಅಭ್ಯಾಸ ಅದು. ಒಂಟಿಯಾಗಿ ಹಾಡುವಾಗ ಓಗೊಡುವ ಕೆಲಸ ಗಿಟಾರ್‌ನದ್ದಾಯಿತು.

ಮರುದಿನ ಟಟ್‌ವೈಲರ್ ಎಂಬ ಊರು. ಸುಮಾರು 1903ರಲ್ಲಿ ಡಬ್ಲ್ಯೂ. ಸಿ. ಹ್ಯಾಂಡಿ ಎಂಬ ಬ್ಯಾಂಡ್ ಮಾಸ್ತರರು ಇಲ್ಲಿಯ ಸ್ಟೇಷನ್‌ನಲ್ಲಿ ರೈಲು ಕಾಯುತ್ತಾ ತೂಕಡಿಸುತ್ತಿದ್ದರು. ಪಕ್ಕದಲ್ಲಿ ಹರಕು ಬಟ್ಟೆಯವನೊಬ್ಬ ತಂತಿಗೆ ಚಾಕು ಒತ್ತಿ ಗಿಟಾರ್ ನುಡಿಸುತ್ತಾ, ಎರಡು ರೈಲು ಹಳಿ ಕೂಡುವ ಊರಿನ ಬಗ್ಗೆ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿದ. ಹ್ಯಾಂಡಿ ಅದನ್ನು ಮರೆಯಲಿಲ್ಲ. 1912ರಲ್ಲಿ ಬ್ಲೂಸ್ ಬರೆದು ಅಚ್ಚು ಹಾಕಿಸಿದರು, ಹೆಸರಾಯಿತು. ಹಾಡಿದವನ ಹೆಸರು ಯಾರೂ ಕೇಳಲಿಲ್ಲ. ಈಗ ಅಲ್ಲಿ ಸ್ಟೇಷನ್ ಕಟ್ಟಡವೂ ಇಲ್ಲ.

ಡಾಕರಿ ಫಾರ್ಮ್ಸ್‌ನಲ್ಲಿ ಹತ್ತಿ ಜಿನ್ನಿನ, ಅಂದರೆ ಅರಳೆಯಿಂದ ಬೀಜ ಬಿಡಿಸುವ ಯಂತ್ರದ, ಕಟ್ಟಡ ಹಾಗೇ ನಿಂತಿದೆ. 1895ರಲ್ಲಿ ಶುರುವಾದ ತೋಟ. ಬ್ಲೂಸ್ ಹಾಡುಗಾರ ಚಾರ್ಲಿ ಪ್ಯಾಟನ್ ಇಲ್ಲಿದ್ದರು, ಮುಂದೆ ತಾವೂ ಹೆಸರಾದ ಹೌಲಿನ್ ವುಲ್ಫ್ ಇಲ್ಲೇ ಅವರಿಂದ ಕಲಿತರು. ಸೈತಾನನ ಕಥೆ ಹೇಳುವವರು ಈ ಜಿನ್ನಿನ ಮುಂದೆ ಒಂದರ್ಧ ಗಂಟೆ ಕೂರಬೇಕು.

ಅಲ್ಲಿಂದ ನ್ಯೂ ಆರ್ಲಿಯನ್ಸ್‌ಗೆ ಒಂದು ದಿನದ ದಾರಿ. ಭಾನುವಾರ ಬೆಳಿಗ್ಗೆಯೇ ಕಾಂಗೋ ಸ್ಕ್ವೇರ್‌ಗೆ ಹೋದೆವು. ದೊಡ್ಡ ಓಕ್ ಮರಗಳು, ಕೆಳಗೆ ಸುತ್ತು ಸುತ್ತಾಗಿ ಜೋಡಿಸಿದ ಕಲ್ಲು. ಸೌತ್ ಕ್ಯಾರೊಲಿನಾದಲ್ಲಿ ಗುಲಾಮರು ದಂಗೆ ಎದ್ದ ಮೇಲೆ, 1740ರಲ್ಲಿ ಅವರ ಡೋಲನ್ನೇ ಕಾನೂನು ಮಾಡಿ ನಿಷೇಧಿಸಿದರು. ಡೋಲು ಹೋದ ಕಡೆ ಅಂಗೈ, ತೊಡೆ, ಪಾದ ಅದರ ಕೆಲಸ ಮಾಡಿದವು. ಆದರೆ ಈ ಊರಲ್ಲಿ ಭಾನುವಾರ ಬಿಡುವು ಕೊಡುವ ರೂಢಿ ಇತ್ತು. 1817ರಲ್ಲಿ ನಗರದವರು ಗುಲಾಮರು ಕುಣಿಯಲು ಒಂದೇ ಜಾಗ ಎಂದು ಗೊತ್ತು ಮಾಡಿದರು. ಅದೇ ಈ ಬಯಲು. ವಾರಕ್ಕೊಂದು ಮಧ್ಯಾಹ್ನ, ಅಷ್ಟೇ. ಅಷ್ಟರಲ್ಲೇ ಆ ತಾಳವನ್ನು ಬದುಕಿಸಿಕೊಂಡರು.

ಜಾಝ್ ಹುಟ್ಟಿದ್ದೂ ಒಂದು ಅನ್ಯಾಯದ ನೆರಳಲ್ಲೇ. ಇಲ್ಲಿ ಕ್ರಿಯೋಲ್ ಜನ ಇದ್ದರು. ಮಿಶ್ರ ರಕ್ತದವರು, ಫ್ರೆಂಚ್ ಮಾತು, ಸ್ವರಲಿಪಿ ನೋಡಿ ನುಡಿಸುವ ಶಿಕ್ಷಣ. ಅವರಲ್ಲೊಬ್ಬರಾದ ಹೋಮರ್ ಪ್ಲೆಸಿ ಎಂಬ ಚಮ್ಮಾರಿಕೆಯ ಯುವಕ 1892ರಲ್ಲಿ ಬಿಳಿಯರ ರೈಲು ಡಬ್ಬಿಯಲ್ಲಿ ಬೇಕೆಂದೇ ಕೂತು ಬಂಧನಕ್ಕೊಳಗಾದರು. 1896ರಲ್ಲಿ ಸುಪ್ರೀಂ ಕೋರ್ಟ್, ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಡಬ್ಬಿ ಇದ್ದರೆ ತಪ್ಪಲ್ಲ ಎಂದು ಅವರ ವಿರುದ್ಧ ತೀರ್ಪು ಕೊಟ್ಟಿತು. ಒಂದೇ ಹನಿ ಆಫ್ರಿಕಾದ ರಕ್ತ ಇದ್ದರೂ ಹಿಂದಿನ ಸಾಲು. ಹೀಗೆ ಒಂದೇ ಸಾಲಿಗೆ ತಳ್ಳಿಸಿಕೊಂಡವರಲ್ಲಿ ಬರಹ ಓದಿ ನುಡಿಸುವವರೂ ಇದ್ದರು, ಡೆಲ್ಟಾದ ಬ್ಲೂಸನ್ನು ಕಿವಿಯಲ್ಲೇ ಹಿಡಿದವರೂ ಇದ್ದರು. ಇಬ್ಬರೂ ಒಂದೇ ಬ್ಯಾಂಡಿನಲ್ಲಿ ನಿಂತರು. ಮೊದಮೊದಲ ಜಾಝ್ ವಾದಕರಲ್ಲೊಬ್ಬರಾದ ಬಡ್ಡಿ ಬೋಲ್ಡನ್ ಅವರ ಕಾರ್ನೆಟ್, ಅಂದರೆ ತುತ್ತೂರಿಯಂಥ ವಾದ್ಯ, ಊರಾಚೆಗೂ ಕೇಳುತ್ತಿತ್ತು ಅಂತಾರೆ. 1907ರಲ್ಲಿ ಅವರನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದರು, 1931ರಲ್ಲಿ ಅಲ್ಲೇ ಸತ್ತರು. ಅವರ ಒಂದೇ ಒಂದು ಮುದ್ರಣ ನಮಗೆ ಉಳಿದಿಲ್ಲ. 1917ರಲ್ಲಿ ಬಂದ ಮೊದಲ ಜಾಝ್ ತಟ್ಟೆ ಬಿಳಿಯರ ಬ್ಯಾಂಡಿನದ್ದು. ಈ ಎರಡು ಸಂಗತಿ ಒಟ್ಟಿಗೆ ನೆನೆದರೆ ನನಗೆ ಈಗಲೂ ಹೊಟ್ಟೆ ಸಂಕಟವಾಗುತ್ತದೆ.

ಮಧ್ಯಾಹ್ನ ಟ್ರೆಮೇ ಓಣಿಗಳಲ್ಲಿ ಸೆಕೆಂಡ್ ಲೈನ್ ಮೆರವಣಿಗೆ. ಕಾಯಿಲೆಗೆ, ಸಾವಿಗೆ ಅಂತ ಪರಸ್ಪರ ಹಣ ಕೂಡಿಡುತ್ತಿದ್ದ ಕಪ್ಪು ಜನರ ಸಂಘಗಳು ಇವತ್ತಿಗೂ ಇದನ್ನು ನಡೆಸುತ್ತವೆ. ಮುಂದೆ ಬ್ಯಾಂಡ್ ಮತ್ತು ಸಂಘದವರು, ಹಿಂದೆ ಕುಣಿಯುತ್ತಾ ಬರುವ ನಾವೆಲ್ಲ ಎರಡನೆಯ ಸಾಲು. ತಂಗಿ ಹುರುಪಿನಿಂದ ಚಪ್ಪಾಳೆ ತಟ್ಟುತ್ತಿದ್ದಳು. ಭಜನೆಯ ರೂಢಿಯಲ್ಲಿ ಸಮ್ಮಿಗೇ, ಅಂದರೆ ತಾಳದ ಮೊದಲ ಎಣಿಕೆಗೇ ಹೊಡೆತ. ಪಕ್ಕದಲ್ಲಿದ್ದ ಅಮ್ಮನ ವಯಸ್ಸಿನ ಹೆಂಗಸು ಎರಡು ನಿಮಿಷ ನೋಡಿದರು. ಆಮೇಲೆ ಅವಳ ಎರಡೂ ಮಣಿಕಟ್ಟು ಹಿಡಿದರು. ಒಂದಕ್ಕೆ ಬಿಡಿಸಿದರು, ಎರಡಕ್ಕೆ ಕೂಡಿಸಿದರು. ಮೂರಕ್ಕೆ ಬಿಡಿಸಿದರು, ನಾಲ್ಕಕ್ಕೆ ಕೂಡಿಸಿದರು. ಒಂದು ಓಣಿ ಮುಗಿಯುವ ತನಕ ಕೈ ಬಿಡಲಿಲ್ಲ.

ರಾತ್ರಿ ಮೆಂಫಿಸ್ ಕಡೆ ತಿರುಗಿದೆವು. ರೇಡಿಯೊ ಹಾಕಿರಲಿಲ್ಲ. ತಂಗಿಯ ಹೆಬ್ಬೆರಳು ಸ್ಟೀರಿಂಗ್ ಮೇಲೆ ಬಡಿಯುತ್ತಲೇ ಇತ್ತು, ಎರಡಕ್ಕೆ, ನಾಲ್ಕಕ್ಕೆ.