ಮಳೆ ಹಿಡಿದಾಗಿಂದ ಬೀಳ್ತಾನೇ ಇದ್ದ ನಮ್ಮನೆ ಇಎಲ್‌ಸಿಬಿ

ಆರಿದ್ರಾ ಮಳೆ ಹಿಡಿದ ವಾರದಲ್ಲೇ ಸಾಗರದ ಹತ್ರದ ನಮ್ಮನೇಲಿ ಈ ಕಾಟ ಶುರುವಾಗಿದ್ದು. ಲೈನಲ್ಲಿ ಕರೆಂಟ್ ಇರುತ್ತೆ, ಪಕ್ಕದ ಮನೇಲಿ ಲೈಟ್ ಉರೀತಿರುತ್ತೆ, ನಮ್ಮನೇಲಿ ಮಾತ್ರ ಟಪ್ ಅಂತ ಹೋಗುತ್ತೆ. ಅಮ್ಮ ಟಾರ್ಚ್ ಹಿಡ್ಕೊಂಡು ಹೋಗಿ ಡಿಬಿ ಬಾಕ್ಸಲ್ಲಿ (ಮನೆ ಮೇನ್ ಸ್ವಿಚ್ಚುಗಳೆಲ್ಲಾ ಇರೋ ಡಬ್ಬಿ) ಬಿದ್ದಿರೋ, ಕರೆಂಟ್ ಲೀಕ್ ಆದ್ರೆ ತಾನೇ ಕಟ್ ಮಾಡೋ ಇಎಲ್‌ಸಿಬಿ ಮೇಲೆತ್ತಬೇಕು, ಇನ್ನರ್ಧ ಗಂಟೆಗೆ ಮತ್ತೆ ಅದೇ ಕಥೆ. (ಈಗ ಹಾಕೋದೆಲ್ಲಾ ಆರ್‌ಸಿಸಿಬಿ, ಆದ್ರೆ ಊರಲ್ಲಿ ಎಲ್ರ ಬಾಯಲ್ಲೂ ಇಎಲ್‌ಸಿಬಿನೇ, ನಾನೂ ಹಾಗೇ ಬರೀತೀನಿ.)

ಮೊದಲು ಅನುಮಾನ ಬಂದಿದ್ದು ಗೀಸರ್ ಮೇಲೆ, ಯಾಕಂದ್ರೆ ಬೆಳಗ್ಗೆ ಗೀಸರ್ ಹಾಕಿದ ತಕ್ಷಣ ಬೀಳ್ತಿತ್ತು. ವೈರಿಂಗ್‌ನವರು ಬಂದು ಕಾಯಿಲ್ ಲೀಕ್ ಇರ್ಬೇಕು ಅಂತ ಹೊಸದು ಹಾಕಿ ಹೋದ್ರು. ಎರಡು ದಿನ ಸುಮ್ನಿತ್ತು. ಮೂರನೇ ದಿನ ಗೀಸರ್ ಆಫ್ ಇದ್ದಾಗಲೇ ಅಮ್ಮ ಮಿಕ್ಸಿ ಹಾಕಿದ್ರು, ಬಿತ್ತು. ಆಮೇಲೆ ಇಸ್ತ್ರಿ ಪೆಟ್ಟಿಗೆಗೂ ಬಿತ್ತು. ಅವರು ಮತ್ತೆ ಬಂದು ಒಂದೊಂದೇ ಎಂಸಿಬಿ (ಒಂದೊಂದು ಲೈನಿಗಿರೋ, ಲೋಡ್ ಜಾಸ್ತಿಯಾದ್ರೆ ಬೀಳೋ ಸ್ವಿಚ್) ಇಳಿಸಿ ನೋಡಿದ್ರು, ಏನೂ ಸಿಗ್ಲಿಲ್ಲ, "ಗೋಡೆ ತೇವ ಹಿಡಿದಿದೆ ಅಮ್ಮ, ಮಳೆಗಾಲ ಮುಗಿಯೋವರೆಗೆ ಈ ಇಎಲ್‌ಸಿಬಿ ತೆಗೆದು ಡೈರೆಕ್ಟ್ ಮಾಡಿಬಿಡ್ತೀನಿ" ಅಂದ್ರಂತೆ. ಅಮ್ಮ ಫೋನಲ್ಲಿ ಇದನ್ನ ಹೇಳಿದಾಗ ನನಗೆ ಎದೆ ಧಸಕ್ ಅಂತು. ಬೇಡ, ಕತ್ತಲಲ್ಲಿ ಕೂತ್ರೂ ಪರವಾಗಿಲ್ಲ, ಅದನ್ನ ಮುಟ್ಟೋಕೆ ಬಿಡಬೇಡ ಅಂತ ಹೇಳಿ ಶುಕ್ರವಾರ ರಾತ್ರಿ ಬಸ್ ಹತ್ತಿದೆ.

ಯಾಕೆ ಇಷ್ಟು ಗಾಬರಿ ಅಂದ್ರೆ, ಎಂಸಿಬಿ ಕಾಯೋದು ವೈರನ್ನ, ಮನುಷ್ಯರನ್ನಲ್ಲ. 16 ಆಂಪ್ ಎಂಸಿಬಿಗೆ ಒಬ್ಬರ ಮೈಯಲ್ಲಿ ಕರೆಂಟ್ ಹರೀತಿದೆ ಅನ್ನೋದು ಗೊತ್ತೇ ಆಗಲ್ಲ. ಇಎಲ್‌ಸಿಬಿ ಫೇಸಲ್ಲಿ ಹೋದ ಕರೆಂಟ್ ಪೂರ್ತಿ ನ್ಯೂಟ್ರಲಲ್ಲಿ ವಾಪಸ್ ಬಂತಾ ಅಂತ ನೋಡ್ತಾ ಇರುತ್ತೆ, ಲೆಕ್ಕದಲ್ಲಿ 30 ಮಿಲಿಆಂಪ್ ಕಮ್ಮಿ ಬಂದ್ರೂ ಕಣ್ಣು ಮಿಟುಕಿಸೋದ್ರೊಳಗೆ ಕಟ್ ಮಾಡುತ್ತೆ. ಒದ್ದೆ ಬಚ್ಚಲಲ್ಲಿ ನಿಂತು ಗೀಸರಿನ ನಲ್ಲಿ ತಿರುಗಿಸೋ ಅಮ್ಮನಿಗೆ ಇರೋ ಮುಖ್ಯ ರಕ್ಷಣೆ ಅದೇ.

ಬಸ್ಸಲ್ಲಿ ಪೂರ್ತಿ ಇದನ್ನೇ ಯೋಚನೆ ಮಾಡ್ತಾ ಬಂದೆ. ಗೀಸರ್ ಒಂದು ಎಂಸಿಬಿ, ಮಿಕ್ಸಿ ಇನ್ನೊಂದು, ಇಸ್ತ್ರಿ ಪೆಟ್ಟಿಗೆ ಮತ್ತೊಂದು, ಮೂರಕ್ಕೂ ಬೀಳುತ್ತೆ ಅಂದ್ರೆ ಮೂರೂ ಒಟ್ಟಿಗೆ ಕೆಟ್ಟಿರೋದಂತೂ ಸಾಧ್ಯ ಇಲ್ಲ, ದೊಡ್ಡ ಲೋಡ್ ಯಾವುದು ಹಾಕಿದ್ರೂ ಬೀಳ್ತಿದೆ ಅಷ್ಟೇ. ಹಂಗಿದ್ರೆ ನ್ಯೂಟ್ರಲ್ ಎಲ್ಲೋ ಅರ್ಥಿಗೆ (ಮಣ್ಣಲ್ಲಿರೋ ಅರ್ಥ್ ಗುಂಡಿಗೆ ಹೋಗೋ ಹಸಿರು ವೈರ್) ತಾಗ್ತಿರ್ಬೇಕು, ವಾಪಸ್ ಬರೋ ಕರೆಂಟಲ್ಲಿ ಸ್ವಲ್ಪ ಅಲ್ಲಿಂದ ಸೋರಿಹೋಗ್ತಿರ್ಬೇಕು. ನಮ್ಮ ಮನೆಗಳಲ್ಲಿ ಇರೋ ಸಿಂಗಲ್ ಪೋಲ್ ಎಂಸಿಬಿ ಕಟ್ ಮಾಡೋದು ಫೇಸಿನ ಕೆಂಪು ವೈರನ್ನ ಮಾತ್ರ, ನ್ಯೂಟ್ರಲಿನ ಕಪ್ಪು ವೈರ್‌ಗಳೆಲ್ಲಾ ನ್ಯೂಟ್ರಲ್ ಲಿಂಕ್ ಅನ್ನೋ ಪಟ್ಟೀಲಿ ಒಟ್ಟಿಗೇ ಸೇರ್ಕೊಂಡಿರುತ್ತೆ. ಅದಕ್ಕೇ ಎಂಸಿಬಿ ಎಷ್ಟು ಸಲ ಇಳಿಸಿ ಹತ್ತಿಸಿ ನೋಡಿದ್ರೂ ಈ ಫಾಲ್ಟ್ ಕೈಗೆ ಸಿಗಲ್ಲ, ಕೆಟ್ಟಿರೋ ಲೈನ್ ಆಫ್ ಮಾಡಿದ್ರೂ ಅದರ ಕಪ್ಪು ವೈರ್ ಹಾಗೇ ಕನೆಕ್ಟ್ ಆಗಿರುತ್ತಲ್ಲ.

ಶನಿವಾರ ಬೆಳಗ್ಗೆ ಅದೇ ವೈರಿಂಗ್‌ನವರನ್ನ ಕರೆಸಿ ಇಬ್ರೂ ಸೇರಿ ನೋಡಿದ್ವಿ. ಮೇನ್ ಆಫ್ ಮಾಡಿ, ಮೀಟರ್ ಹತ್ರದ ಫ್ಯೂಸ್ ಕಿತ್ತು, ಟೆಸ್ಟರ್ ಹಚ್ಚಿ ಖಾತ್ರಿ ಮಾಡ್ಕೊಂಡು, ನ್ಯೂಟ್ರಲ್ ಲಿಂಕಿಂದ ಕಪ್ಪು ವೈರ್‌ಗಳನ್ನ ಒಂದೊಂದಾಗಿ ಬಿಚ್ಚಿ, ಮಲ್ಟಿಮೀಟರ್‌ನ ಒಂದು ಕಡ್ಡಿ ವೈರಿಗೆ, ಇನ್ನೊಂದು ಅರ್ಥಿಗೆ. ಗೀಸರಿಂದು ಇಟ್ರೆ ಬರೀ 1 ಅಂತ ಎಡಗಡೆ ನಿಂತ್ಕೊಳ್ತು, ಅಂದ್ರೆ ಅರ್ಥಿಗೆ ತಾಗಿಲ್ಲ. ಅಡುಗೆಮನೇದು, ರೂಮಿಂದು, ಎಲ್ಲಾ 1. ಕೊನೇಲಿ ಜಗಲಿ ಲೈಟ್ ಫ್ಯಾನ್ ಲೈನಿಗೆ ಇಟ್ರೆ 4 ಓಮ್ ತೋರಿಸ್ತು, ಅಂದ್ರೆ ಅರ್ಥಿಗೆ ತಾಗಿದೆ. ಇಬ್ರೂ ಮುಖ ಮುಖ ನೋಡ್ಕೊಂಡ್ವಿ.

ಜಗಲಿ ಸ್ವಿಚ್ ಬೋರ್ಡ್ ಬಿಚ್ಚಿದ್ರೆ ಅಲ್ಲೇ ಇತ್ತು. ಯುಗಾದಿ ಹೊತ್ತಿಗೆ ಫ್ಯಾನ್ ರೆಗ್ಯುಲೇಟರ್ ಬದಲಾಯಿಸಿದಾಗ ಹಳೇ ಸ್ಕ್ರೂ ಕಳೆದುಹೋಗಿ ಯಾವುದೋ ಉದ್ದದ ಸ್ಕ್ರೂ ಹಾಕಿದ್ದಾರೆ, ಅದರ ಮೊನೆ ಕಬ್ಬಿಣದ ಬಾಕ್ಸ್ ಒಳಗೆ ಕಪ್ಪು ವೈರನ್ನ ಗೋಡೆ ಕಡೆಗೆ ಒತ್ತಿ ಹಿಡಿದಿದೆ. ಆ ಜಾಗದಲ್ಲಿ ವೈರ್ ಚಪ್ಪಟೆಯಾಗಿ, ಅಕ್ಕಿಕಾಳಿನಷ್ಟು ಸಿಪ್ಪೆ ಹೋಗಿ ಒಳಗಿನ ತಾಮ್ರ ಹೊಳೀತಿತ್ತು. ಬಾಕ್ಸಿಗೆ ಹಸಿರು ವೈರ್ ಕೊಟ್ಟಿರೋದ್ರಿಂದ ನ್ಯೂಟ್ರಲ್ ನೇರ ಅರ್ಥಿಗೆ ಸೇರ್ಕೊಂಡಿತ್ತು.

ಯುಗಾದೀಲಿ ಆಗಿದ್ದು ಮಳೆಗಾಲದವರೆಗೆ ಯಾಕೆ ಸುಮ್ನಿತ್ತು ಅನ್ನೋದು ನನ್ನನ್ನ ತುಂಬಾ ಕಾಡ್ತು, ಯೋಚಿಸಿದಾಗ ನನಗೆ ಹೊಳೆದಿದ್ದು ಇದು. 2000 ವಾಟ್ ಗೀಸರ್ ಎಳೆಯೋದು ಹತ್ರತ್ರ 9 ಆಂಪ್, ಅಷ್ಟು ಕರೆಂಟ್ ವಾಪಸ್ ಹೋಗ್ವಾಗ ನ್ಯೂಟ್ರಲ್ ಮೇಲೆ ಒಂದೆರಡು ವೋಲ್ಟ್ ಏಳುತ್ತೆ, ಆಗ ಸ್ವಲ್ಪ ಕರೆಂಟ್ ಅರ್ಥ್ ಗುಂಡಿ ದಾರಿ ಹಿಡಿಯುತ್ತೆ. ಬೇಸಿಗೇಲಿ ಗುಂಡಿ ಒಣಗಿದ್ದಾಗ ಆ ದಾರೀಲಿ ಹೋಗೋದು ಕಮ್ಮಿ. ಮಳೆ ಬಿದ್ದು ಮಣ್ಣು ನೆನೆದ್ಮೇಲೆ ರೆಸಿಸ್ಟೆನ್ಸ್ 20 ಓಮಿಗೆ ಇಳೀತು ಅಂದ್ಕೊಳ್ಳಿ, ಬರೀ 1 ವೋಲ್ಟಿಗೆ 50 ಮಿಲಿಆಂಪ್ ಹೋಗುತ್ತೆ, ಇಎಲ್‌ಸಿಬಿ ಬೀಳಲೇಬೇಕು. ಅಂದ್ರೆ ಮಳೆಗೂ ಇದಕ್ಕೂ ಸಂಬಂಧ ಇದ್ದಿದ್ದು ನಿಜ, ಆದ್ರೆ ಗೋಡೆ ತೇವದ್ದಲ್ಲ.

ಬರೀ ಟೇಪ್ ಸುತ್ತೋದು ಬೇಡ ಅಂತ ಆ ತುಂಡು ಹೊಸ ವೈರ್ ಎಳೆದು, ಗಿಡ್ಡ ಸ್ಕ್ರೂ ಹಾಕಿದ್ವಿ. ಮಲ್ಟಿಮೀಟರ್ 1 ತೋರಿಸಿದ್ಮೇಲೇ ಲಿಂಕ್ ಜೋಡಿಸಿದ್ದು. ಗೀಸರ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಮೂರೂ ಒಟ್ಟಿಗೆ ಹಾಕಿ ನಿಂತ್ಕೊಂಡ್ವಿ, ಅಲ್ಲಾಡ್ಲಿಲ್ಲ. ವೈರಿಂಗ್‌ನವರು "ಇನ್ಮೇಲೆ ಮೊದ್ಲು ಕಪ್ಪು ವೈರೇ ಬಿಚ್ಚಿ ನೋಡ್ತೀನಿ ಸಾರ್" ಅಂದ್ರು. ನಿಮ್ಮನೇಲೂ ಹೀಗೆ ಯಾವ ಲೋಡಿಗಾದ್ರೂ ಬೀಳ್ತಿದ್ರೆ ನಿಮ್ಮ ವೈರಿಂಗ್‌ನವರಿಗೆ ಇದನ್ನೇ ನೋಡೋಕೆ ಹೇಳಿ, ಇನ್ವರ್ಟರ್ ಇದ್ರೆ ಅದರ ನ್ಯೂಟ್ರಲ್ ಎಲ್ಲಿ ಸೇರಿಸಿದ್ದಾರೆ ಅನ್ನೋದೂ ನೋಡಿಸಿ, ಅಲ್ಲೂ ಇದೇ ಥರ ತಪ್ಪಾಗಿರಬಹುದು. ಡಬ್ಬಿ ನೀವೇ ಬಿಚ್ಚೋಕೆ ಮಾತ್ರ ಹೋಗ್ಬೇಡಿ.

ಹೊರಡೋ ಮುಂಚೆ ಇಎಲ್‌ಸಿಬಿ ಮೇಲಿನ ಟೆಸ್ಟ್ ಬಟನ್ ಅಮ್ಮನಿಗೆ ತೋರಿಸ್ದೆ, ಒತ್ತಿದ್ರೆ ಬೀಳ್ಬೇಕು, ಬೀಳದಿದ್ರೆ ನನಗೆ ಫೋನ್ ಮಾಡು ಅಂದೆ. ಈಗ ಪ್ರತಿ ತಿಂಗಳು ಒಂದನೇ ತಾರೀಖು ಫೋನ್ ಬರುತ್ತೆ, "ಒತ್ತಿದೆ ಕಣೋ, ಬಿತ್ತು."