ಹೆಂಚು ಸರಿಸಿ ಇಳಿದವನು

ಬೆಳಗ್ಗೆ ಅಮ್ಮ ಅಂಚೆ ಕೋಣೆಯ ಬಾಗಿಲು ತೆಗೆದರೆ ಒಳಗೇ ಮಳೆ ಬೀಳುತ್ತಿತ್ತು. ಪುಷ್ಯ ಮಳೆ ಬಿಡದೆ ಹೊಯ್ಯುತ್ತಿದ್ದ ದಿನಗಳು. ಯಾರೋ ರಾತ್ರಿ ಮಾಡು ಹತ್ತಿ, ಹೆಂಚು ಸರಿಸಿ, ರೀಪು ಮುರಿದು ಒಳಗೆ ಇಳಿದಿದ್ದರು.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಅಮ್ಮ ಊರಿನ ಬ್ರಾಂಚ್ ಪೋಸ್ಟ್‌ಮಾಸ್ಟರ್. ಹಳ್ಳಿಯಲ್ಲಿ ಈ ಕೆಲಸ ಮಾಡುವವರೇ ಕಚೇರಿಗೆ ಜಾಗ ಕೊಡಬೇಕು. ಹಾಗಾಗಿ ಜಗಲಿಯ ತುದಿಯ ಕೋಣೆಯೇ ನಮ್ಮೂರ ಪೋಸ್ಟಾಫೀಸು. ಅದಕ್ಕೆ ಹೊರಗಿನಿಂದ ಒಂದು ಬಾಗಿಲು, ನಡುಮನೆಯಿಂದ ಇನ್ನೊಂದು.

ಅಮ್ಮ ದುಡ್ಡಿನ ಪೆಟ್ಟಿಗೆ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು ಹುಡುಕಿದ್ದು ತಾರೀಖಿನ ಮೊಹರು. ಅದು ಶಾಯಿ ಪ್ಯಾಡಿನ ಪಕ್ಕದಲ್ಲೇ ಒದ್ದೆಯಾಗಿ ಬಿದ್ದಿತ್ತು. ಅದನ್ನು ಕಂಡ ಮೇಲೆಯೇ ಅವಳು ಉಸಿರು ಬಿಟ್ಟಳು. ಆ ಮೊಹರು ಬಿದ್ದರೇ ಪಾಸ್‌ಬುಕ್ಕಿನ ಒಂದೊಂದು ಸಾಲಿಗೂ ಬೆಲೆ. ಅದು ಕಂಡವರ ಕೈಗೆ ಹೋದರೆ ಊರವರು ತಿಂಗಳು ತಿಂಗಳು ದುಡ್ಡು ಕಟ್ಟುವ ಆರ್‌ಡಿ ಪುಸ್ತಕದಲ್ಲಿ ಏನು ಬೇಕಾದರೂ ಒತ್ತಬಹುದು, ಅಲ್ವಾ? ಕಬ್ಬಿಣದ ಪೆಟ್ಟಿಗೆಯ ಮುಚ್ಚಳಕ್ಕೆ ಹಾರೆಯಲ್ಲಿ ಮೀಟಿದ ಗುರುತಿತ್ತು, ಬಾಯಿ ಬಿಟ್ಟಿರಲಿಲ್ಲ. ಹೋಗಿದ್ದು ಡ್ರಾಯರಿನ ಚಿಲ್ಲರೆ ಮತ್ತು ಒಂದಿಷ್ಟು ಸ್ಟ್ಯಾಂಪು.

ಮಹಜರು, ಅಂದರೆ ಪೊಲೀಸರು ಜಾಗ ನೋಡಿ ಬರೆದುಕೊಳ್ಳುವುದು, ಆಗುವವರೆಗೆ ಏನನ್ನೂ ಮುಟ್ಟಬೇಡಿ ಅಂತ ಠಾಣೆಯಿಂದ ಹೇಳಿದರು. ಆದರೆ ತೂತಿನ ನೇರ ಕೆಳಗೇ ಟಪಾಲು ಚೀಲ ಇತ್ತು. ಜನರ ಕಾಗದ ಕಣ್ಣೆದುರೇ ನೆನೆಯುತ್ತಿದ್ದರೆ ಅಮ್ಮ ಹೇಗೆ ಸುಮ್ನೆ ಇರುತ್ತಾಳೆ? ಮತ್ತೆ ಫೋನ್ ಮಾಡಿ ಕೇಳಿದಳು. "ಇದ್ದ ಹಾಗೇ ಫೋಟೋ ತೆಗೆದು ಆಮೇಲೆ ಎತ್ತಿಡಿ ಅಮ್ಮಾ" ಅಂದರು. ಫೋಟೋ ನಾನು ತೆಗೆದೆ. ಅಮ್ಮ ಕಾಗದಗಳನ್ನೆಲ್ಲ ಬಚ್ಚಲ ಒಲೆಯ ಹತ್ತಿರ ಹರಡಿದಳು. ಒಂದರ ವಿಳಾಸವೂ ಅಳಿಸದ ಹಾಗೆ ತಿರುಗಿಸಿ ತಿರುಗಿಸಿ ಒಣಗಿಸಿದಳು.

ಮಹಜರಿಗೆ ಬಂದ ಹೆಡ್ ಕಾನ್ಸ್‌ಟೇಬಲ್ ಅಟ್ಟದ ಕಡೆ ನೋಡಿ, "ಮೇಲೆ ಅಡಿಕೆ ಇದೆಯಾ?" ಅಂತ ಕೇಳಿದರು. ಇತ್ತು. "ಹಾಗಾದ್ರೆ ಅವನು ಅಡಿಕೆಗೆ ಬಂದನೋ, ಅಂಚೆ ದುಡ್ಡಿಗೆ ಬಂದನೋ?" ಪಕ್ಕದಲ್ಲಿ ನಿಂತಿದ್ದ ನೆಂಟರೊಬ್ಬರು, "ಆಫೀಸಿಗೆ ನುಗ್ಗಿದ್ರೆ ಅದು ಮನೆಗಳ್ಳತನ ಹೇಗಾಗುತ್ತೆ? ಹೋಗಿದ್ದೂ ಚಿಲ್ಲರೆ ತಾನೇ, ಸಣ್ಣ ಕೇಸು ಬಿಡಿ" ಅಂದರು. ಅಮ್ಮನ ಮುಖ ಬಾಡಿತು. ನನಗೂ ಆ ಮಾತು ಚುಚ್ಚಿತು.

ಮಧ್ಯಾಹ್ನ ಶಿವಮೊಗ್ಗದಿಂದ ಮಾವ ಬಂದ. ವಕೀಲ. ಜಗಲಿಯಲ್ಲಿ ಕೂತು, ಕಾಫಿ ಕುಡಿಯುತ್ತಾ, ಒಂದೊಂದೇ ಬಿಡಿಸಿ ಹೇಳಿದ. "ಅಕ್ಕಾ, ಕಾನೂನಿಗೆ ಜನ ಮಲಗುವ ಮನೆಯೇ ಆಗಬೇಕು ಅಂತಿಲ್ಲ. ವಾಸದ ಕಟ್ಟಡ, ಪೂಜೆಯ ಜಾಗ, ಸ್ವತ್ತು ಇಟ್ಟು ಕಾಯುವ ಕಟ್ಟಡ, ಮೂರೂ ಒಂದೇ. ನಿನ್ನ ಕೋಣೆ ಮೂರನೆಯದು. ಅಲ್ಲದೆ ನಡುಮನೆಗೆ ಒಳಬಾಗಿಲು ಇದೆ, ಅದಕ್ಕೇ ಅದು ಮನೆಯ ಭಾಗವೂ ಹೌದು."

1860ರ ಐಪಿಸಿ, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆಯಲ್ಲೂ ಹೀಗೇ ಇತ್ತು. ಅದರ ಬದಲು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 329 ಮತ್ತು 330ನೇ ಕಲಂ. ತಾನೇ ಮಾಡಿಕೊಂಡ ದಾರಿಯಲ್ಲಿ ಒಳಬಂದರೆ ಕನ್ನ. ಬೀಗ ತೆಗೆದರೆ ಕನ್ನ. ಗೋಡೆ ಹತ್ತಿ ಇಳಿದರೂ ಕನ್ನ. ಗೋಡೆಗೆ ತೂತು ಕೊರೆದು ಕೈಯಷ್ಟೇ ಒಳಗೆ ಹಾಕಿದರೂ ಕನ್ನವೇ ಅಂತ ಕಾನೂನೇ ಉದಾಹರಣೆ ಕೊಡುತ್ತದೆ. ಸೂರ್ಯ ಮುಳುಗಿ ಹುಟ್ಟುವುದರ ನಡುವೆ, ಕದಿಯಲೆಂದೇ ಹೀಗೆ ನುಗ್ಗಿದರೆ 14 ವರ್ಷದವರೆಗೆ ಜೈಲು ಆಗಬಹುದು. ಅದು 331ನೇ ಕಲಂ. ಕದ್ದದ್ದಕ್ಕೆ 305ನೇ ಕಲಂ ಬೇರೆ, 7 ವರ್ಷದವರೆಗೆ. ಎಷ್ಟು ಹೋಯಿತು ಅನ್ನುವುದರ ಮೇಲೆ ಕನ್ನದ ಕಲಂ ನಿಂತಿಲ್ಲ. ಹೇಗೆ ನುಗ್ಗಿದ, ಯಾಕೆ ನುಗ್ಗಿದ, ಅಷ್ಟೇ.

"ಅಡಿಕೆಗೆ ಬಂದಿದ್ರೆ?" ಅಂತ ನಾನು ಕೇಳಿದೆ. "ಇಲ್ಲಿ ಎರಡೂ ಒಂದೇ ಪುಟ್ಟೀ. ಅಮೆರಿಕದಲ್ಲಾದರೆ ವ್ಯತ್ಯಾಸ ಆಗ್ತಿತ್ತು" ಅಂದ. ಅಲ್ಲಿ ಅಂಚೆ ಕಚೇರಿಗೆ ನುಗ್ಗುವುದಕ್ಕೇ ಬೇರೆ ಫೆಡರಲ್ ಕಲಂ ಇದೆಯಂತೆ. ಅಲ್ಲಿನ ಕಾನೂನು ಸಂಹಿತೆಯ 18ನೇ ಶೀರ್ಷಿಕೆಯ 2115. ಕಟ್ಟಡದ ಒಂದು ಭಾಗ ಮಾತ್ರ ಅಂಚೆ ಕಚೇರಿಯಾಗಿದ್ದರೂ ಅದು ಹಿಡಿಯುತ್ತದೆ. ಆದರೆ ಅಂಚೆಯ ಭಾಗದಲ್ಲೇ ಕದಿಯುವ ಉದ್ದೇಶ ಇರಬೇಕು. ಶಿಕ್ಷೆ 5 ವರ್ಷದವರೆಗೆ. ನಮ್ಮಂಥ ಮನೆಗೆ ಆ ಕಲಂ ಇದ್ದಿದ್ದರೆ ಕಳ್ಳನ ಕಣ್ಣು ಅಟ್ಟದ ಮೇಲಿತ್ತೋ ಪೆಟ್ಟಿಗೆ ಮೇಲಿತ್ತೋ ಅಂತ ಕೋರ್ಟಿನಲ್ಲಿ ಎಳೆದಾಡಬೇಕಿತ್ತು. ನಮ್ಮ ಕಾನೂನೇ ನಮ್ಮ ಹಳ್ಳಿಗಳಿಗೆ ಸರಿ ಅಂತ ನನಗೆ ಅವತ್ತು ಅನ್ನಿಸಿತು. ಮನೆ ಯಾವುದು, ಕಚೇರಿ ಯಾವುದು ಅಂತ ಇಲ್ಲಿ ಗೆರೆ ಎಳೆಯುವುದು ಹೇಗೆ? ಅಮ್ಮ ಒಗ್ಗರಣೆ ಹಾಕುತ್ತಲೇ ಮನಿಯಾರ್ಡರ್ ತಗೊಳ್ಳುತ್ತಾಳೆ.

ಹೆಡ್ ಕಾನ್ಸ್‌ಟೇಬಲ್ ಮಹಜರನ್ನು ಓದಿ ಹೇಳುವಾಗ ಅಮ್ಮ ಒಂದು ಕಡೆ ತಡೆದಳು. "ಒಳಬಾಗಿಲು ಇದೆ ಅಂತ ಬರೀರಿ ಸಾರ್. ಪಾಸ್‌ಬುಕ್ಕು ಇಟ್ಟಿದ್ದು ಆ ಕೋಣೆಯಲ್ಲೇ ಅಂತಾನೂ ಸೇರಿಸಿ." ಅವರು ಬೇಸರ ಮಾಡಿಕೊಳ್ಳದೆ ಎರಡನ್ನೂ ಬರೆದು, ನಾವು ಸಹಿ ಹಾಕುವ ಮುಂಚೆ ಇನ್ನೊಮ್ಮೆ ಓದಿದರು. ಎಫ್‌ಐಆರ್ ಪ್ರತಿ ದುಡ್ಡಿಲ್ಲದೆ ಸಿಗುತ್ತದೆ ಅಂತ ಮಾವ ಹೇಳಿದ್ದ. ಸಂಜೆ ನಾನೇ ಠಾಣೆಗೆ ಹೋಗಿ ಅದನ್ನು ತಂದೆ. 331, 305 ಎರಡೂ ಕಲಂ ಅದರಲ್ಲಿ ಇದ್ದವು. ಆ ಕೋಣೆಗೆ ಈಗ ಮರದ ಮುಚ್ಚಿಗೆ ಹೊಡೆಸಿದ್ದೇವೆ. ಕಳ್ಳ ಇನ್ನೂ ಸಿಕ್ಕಿಲ್ಲ.