ಒಗ್ಗರಣೆ ಕೆಳಗಿನ ಪೇಪರ್

ನನ್ನ ಬರಹ ಓದುವವರು ಸಿಕ್ಕಾಗೆಲ್ಲ ಕೇಳೋದು ಒಂದೇ ಪ್ರಶ್ನೆ. "ಸಂತೆ, ಬಸ್ಸು, ಅಡುಗೆಮನೆ ಬಗ್ಗೆ ಚೆಂದ ಬರೀತೀಯ. ನಡುವೆ ಈ ಜಾತಿ, ಕೂಲಿ, ಕೋರ್ಟು ಯಾಕೆ ತರ್ತೀಯ?"

ಬೆಂಗಳೂರಿಗೆ ಹೋಗಿ ನೆಲೆಸಿರುವ ಗೆಳತಿ ಇದನ್ನೇ ನಯವಾಗಿ ಕೇಳುತ್ತಾಳೆ. ಮಂಡಕ್ಕಿ ಒಗ್ಗರಣೆ ಬಗ್ಗೆ ಓದಿ ಬಾಯಲ್ಲಿ ನೀರೂರುವ ಹೊತ್ತಿಗೆ ಯಾರದೋ ಗುಡಿಸಲು ಸುಟ್ಟ ಕತೆ ಬರುತ್ತದಂತೆ. ನಮ್ಮ ಕಾಕಾ ಅಷ್ಟು ನಯ ಮಾಡುವವರಲ್ಲ. "ಜಗಳ ಹಚ್ಚದಿದ್ರ ನಿನಗ ಉಂಡಿದ್ದು ಅರಗೂದಿಲ್ಲೇನವ್ವಾ?" ಅನ್ನುತ್ತಾರೆ. ಉಲ್ಟಾ ಕೇಳುವವರೂ ಇದ್ದಾರೆ. ದೇಶದಲ್ಲಿ ಏನೆಲ್ಲ ಆಗ್ತಿರುವಾಗ ನಿನಗೆ ಮಿರ್ಚಿ ಹೇಗೆ ನೆನಪಾಗುತ್ತದೆ ಅಂತ. ಮಿರ್ಚಿ ಬಿಸಿ ಇದ್ದರೆ ನೆನಪಾಗುತ್ತದೆ, ಅಷ್ಟೇ. ಅವರಿಗೆ ಇನ್ನೊಂದು ದಿನ ಉತ್ತರ ಹೇಳುತ್ತೇನೆ.

ನಾನಿರೋದು ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ. ನಾನು ಹೋಗುವ ಹೋಟೆಲ್ಲಿನಲ್ಲಿ ಬೆಳಿಗ್ಗೆ ಒಗ್ಗರಣೆ-ಮಿರ್ಚಿ ಕೊಡೋದೇ ಹಳೇ ಪೇಪರಿನ ತುಂಡಿನ ಮೇಲೆ. ಮಂಡಕ್ಕಿ ನೀರಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿರುತ್ತಾರೆ. ತಿಂತಾ ತಿಂತಾ ಕೆಳಗಿನ ಅಕ್ಷರ ಕಾಣಿಸುತ್ತದೆ. ಎಣ್ಣೆ ಹತ್ತಿದ ಕಡೆ ಹಿಂದಿನ ಪುಟದ ಸುದ್ದಿಯೂ ಮುಂದಕ್ಕೆ ಬಂದು, ಎರಡೂ ಓದಲಿಕ್ಕೆ ಬರದ ಹಾಗೆ ಆಗಿರುತ್ತದೆ. "ಸುದ್ದಿ ನಾನು ತಂದಿದ್ದಲ್ಲ, ಒಗ್ಗರಣೆ ಕೆಳಗೆ ಮೊದಲೇ ಇತ್ತು" ಅಂತ ಗೆಳತಿಗೆ ಒಮ್ಮೆ ಹೇಳಿದೆ. "ಮಾತು ಚೆಂದ ಐತಿ, ಉತ್ತರ ಅಲ್ಲ" ಅಂದಳು. ಖರೇ. ಅದಕ್ಕೇ ಈಗ ಸರಿಯಾಗಿ ಹೇಳುತ್ತಿದ್ದೇನೆ.

ಮರಕುಂಬಿ ನಮ್ಮದೇ ತಾಲೂಕಿನ ಊರು. 2014ರ ಆಗಸ್ಟ್ 28ರಂದು ಅಲ್ಲಿನ ದಲಿತರ ಕೇರಿಗೆ ಗುಂಪು ನುಗ್ಗಿ ಹೊಡೆದು, ಗುಡಿಸಲಿಗೆ ಬೆಂಕಿ ಹಚ್ಚಿತು. ಹತ್ತು ವರ್ಷ ಕೇಸು ನಡೆಯಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಸೆಷನ್ಸ್ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅವತ್ತು ಎಲ್ಲ ಚಾನೆಲ್ಲಿನಲ್ಲೂ ನಮ್ಮ ಜಿಲ್ಲೆಯ ಹೆಸರು. ಮುಂದಿನ ತಿಂಗಳು ಹೈಕೋರ್ಟಿನ ಧಾರವಾಡ ಪೀಠದಿಂದ ಬಹುತೇಕರಿಗೆ ಜಾಮೀನು ಸಿಕ್ಕಿತು. ಆ ಸುದ್ದಿ ಅಷ್ಟು ದೊಡ್ಡದಾಗಲಿಲ್ಲ.

ಈ ಜಗಳದ ಬೇರು ಇದ್ದದ್ದು ಕಟಿಂಗ್ ಅಂಗಡಿಯಲ್ಲಿ, ಚಾ ಹೋಟೆಲ್ಲಿನಲ್ಲಿ. ದಲಿತರನ್ನು ಅಲ್ಲಿ ಒಳಗೆ ಬಿಡುತ್ತಿರಲಿಲ್ಲ. ಯಾಕೆ ಬಿಡೋದಿಲ್ಲ ಅಂತ ಅವರು ಕೇಳಿದರು. ಅಲ್ಲಿಂದ ಸಿಟ್ಟು ಬೆಳೆಯಿತು.

ಕುಷ್ಟಗಿ ತಾಲೂಕಿನ ಮಿಯಾಪುರದ್ದೂ ಹೀಗೇ. 2021ರ ಸೆಪ್ಟೆಂಬರಿನಲ್ಲಿ ದಲಿತರ ಮನೆಯ ಪುಟ್ಟ ಮಗುವೊಂದು ಹನುಮಪ್ಪನ ಗುಡಿಯೊಳಗೆ ಓಡಿತು. ಮಗುವಿನ ಹುಟ್ಟುಹಬ್ಬ, ಕೈ ಮುಗಿಸಿಕೊಂಡು ಬರೋಣ ಅಂತ ಮನೆಯವರು ಕರಕೊಂಡು ಹೋಗಿದ್ದರು. ಗುಡಿ ಶುದ್ಧಿಗೆ ಅಂತ ಅವರ ಹತ್ತಿರ 25,000 ರೂಪಾಯಿ ಕೇಳಿದರು.

ಕಟಿಂಗ್, ಚಾ, ಮಗುವಿನ ಹುಟ್ಟುಹಬ್ಬ. ಗೆಳತಿ ನನ್ನಿಂದ ಬರೆಸಬೇಕು ಅನ್ನೋದು ಇಂಥದ್ದೇ ಅಲ್ವಾ?

ಇನ್ನು ನಮ್ಮ ಮನೆಯ ಮಾತು. ಇದನ್ನು ಬರೆಯಲು ನನಗೆ ಬಹಳ ದಿನ ಬೇಕಾಯಿತು.

ನಾನು ಸಣ್ಣವಳಿದ್ದಾಗ ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳನ್ನು ನಾವೆಲ್ಲ ದೊಡ್ಡವ್ವ ಅನ್ನುತ್ತಿದ್ದೆವು. ಹೆಸರು ಹಿಡಿದು ಕರೆದರೆ ಅವ್ವ ಬೈಯುತ್ತಿದ್ದಳು. ದೊಡ್ಡವ್ವ ಬಂದರೆ ಹಿತ್ತಲ ಬಾಗಿಲಿನ ಹೊರಗಿದ್ದ ಗೂಡಿನಿಂದ ಒಂದು ಲೋಟ ತೆಗೆದುಕೊಳ್ಳುತ್ತಿದ್ದಳು. ಅಲ್ಯೂಮಿನಿಯಂ ಲೋಟ, ಒಂದು ಕಡೆ ನೆಗ್ಗಿತ್ತು. ತಾನೇ ತೊಳೆದುಕೊಂಡು ಕೆಳಗೆ ಹಿಡಿಯುತ್ತಿದ್ದಳು. ಅವ್ವ ಚಾ ಬೋಗಣಿಯನ್ನು ಮೇಲೆ ಎತ್ತಿ, ಒಂದು ಮೊಳ ಎತ್ತರದಿಂದ ಸುರಿಯುತ್ತಿದ್ದಳು. ಚಾ ಸಣ್ಣ ದಾರದ ಹಾಗೆ ಇಳಿದು ಸರಿಯಾಗಿ ಲೋಟದೊಳಗೆ ಬೀಳುತ್ತಿತ್ತು. ಒಂದು ಹನಿ ಆಚೆ ಹೋಗುತ್ತಿರಲಿಲ್ಲ.

ಅದನ್ನು ನೋಡಲಿಕ್ಕೇ ನಾನು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವ್ವನ ಕೈಚಳಕ ಅಂದುಕೊಂಡಿದ್ದೆ. ಗೆಳತಿಯರ ಮುಂದೆ ಹೊಗಳಿಕೊಂಡಿದ್ದೇನೆ ಕೂಡ. ನಾನೂ ಹಾಗೆ ಸುರಿಯಲು ಹೋಗಿ ಕಾಲ ಮೇಲೆ ಚಾ ಚೆಲ್ಲಿಕೊಂಡು ಬೊಬ್ಬೆ ಎದ್ದಿತ್ತು. ದೊಡ್ಡವ್ವನೇ ಓಡಿ ಬಂದು ತಣ್ಣೀರು ಹಾಕಿದಳು. ಬೋಗಣಿ ಯಾಕೆ ಲೋಟಕ್ಕೆ ತಾಗಬಾರದು ಅಂತ ನನಗೆ ಹೊಳೆದದ್ದು ಡಿಗ್ರಿ ಎರಡನೇ ವರ್ಷದಲ್ಲಿ. ಹೊಳೆದ ಮೇಲೂ ಎರಡು ವರ್ಷ ಬಾಯಿ ಬಿಡಲಿಲ್ಲ.

ಮರಕುಂಬಿ ತೀರ್ಪು ಬಂದ ರಾತ್ರಿ ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಟಿವಿಯಲ್ಲಿ ಹೇಳಿದ್ದು ಕೇಳಿ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಅಷ್ಟು ಮಂದಿಗೇನು?" ಅಂದಳು. ಸ್ವಲ್ಪ ಹೊತ್ತು ನಿಂತು, "ನಮ್ಮ ಮನ್ಯಾಗ ಹಂಗೇನ್ ಇರಲಿಲ್ಲ ಬಿಡು" ಅಂದು ಒಳಗೆ ಹೋದಳು. ನಾನು ಗೂಡಿನ ಕಡೆ ನೋಡಿದೆ. ಹಿತ್ತಲಿಗೆ ಕೋಣೆ ಕಟ್ಟಿಸಿದ ಮೇಲೆ ಅದು ಮನೆಯೊಳಗೆ ಬಂದಿದೆ. ಈಗ ಅದರಲ್ಲಿ ಮೊಬೈಲ್ ಚಾರ್ಜಿಗೆ ಇಡುತ್ತೇವೆ.

ಅವ್ವ ಸುಳ್ಳು ಹೇಳಲಿಲ್ಲ. ಬೆಂಕಿ ಹಚ್ಚೋದು, ಹೊಡೆಯೋದು ಆಕೆಯ ಲೆಕ್ಕದಲ್ಲಿ ಅನ್ಯಾಯ. ಲೋಟ ಬರೀ ರೂಢಿ. ಊರ ಹೋಟೆಲ್ಲಿನಲ್ಲೂ ಈಗ ಎರಡು ಥರದ ಲೋಟ ಕಾಣೋದಿಲ್ಲ. ಎಲ್ಲ ಹೋಯಿತು ಅಂತ ಖುಷಿಪಟ್ಟಿದ್ದೆ. ಆಮೇಲೆ ಗಮನಿಸಿದರೆ ಒಂದು ಕಡೆ ಕೆಲವರಿಗೆ ಮಾತ್ರ ಕೇಳದೇ ಪೇಪರ್ ಕಪ್ಪಿನಲ್ಲಿ ಕೊಡುತ್ತಿದ್ದರು, ನನಗೆ ಗಾಜಿನ ಲೋಟ. ಯಾರನ್ನೂ ಬೈಯಲಿಕ್ಕೆ ಆಗದ ಹಾಗೆ ಎಷ್ಟು ಸಲೀಸು ನೋಡಿ.

ಕಾಕಾನ ಕಡೆ ಬರುತ್ತೇನೆ. ಅವರದು ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ನೆಲ್ಲಿನ ಹೊಲ. ಸುದ್ದಿ ಬಗ್ಗೆ ನಾನು ಮಾತಾಡಿದರೆ ರಾಜಕೀಯ ಅನ್ನುವ ಇದೇ ಕಾಕಾ, 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋದಾಗ, ಮರುದಿನ ನನಗೆ ಎಂಟು ಸಲ ಫೋನ್ ಮಾಡಿದರು. ಪೇಪರಿನಾಗ ಏನ್ ಬಂದೈತಿ, ಮಂತ್ರಿ ಏನಂದ, ನೀರು ಎಷ್ಟು ಬಿಟ್ರು. ಆಗಷ್ಟೇ ತುಂಬಿದ್ದ ಡ್ಯಾಮು. ನೀರೆಲ್ಲ ನದಿಗೆ ಹೋಗುವುದನ್ನು ನೋಡಿ ನಾಲ್ಕು ಜಿಲ್ಲೆಯ ರೈತರಿಗೆ ನಿದ್ದೆ ಇರಲಿಲ್ಲ. ವಾರದೊಳಗೆ, ನೀರು ಹರಿಯುತ್ತಿರುವಾಗಲೇ, ತಾತ್ಕಾಲಿಕ ಗೇಟು ಕೂರಿಸಿದರು. ಅವತ್ತು ಕಾಕಾ ಪೇಢಾ ತಂದುಕೊಟ್ಟರು. ಆ ವಾರ ನಾನು ಬರೆದದ್ದೆಲ್ಲ ಬರೀ ಡ್ಯಾಮು, ಸರ್ಕಾರ, ಯಾರು ನಿಗಾ ಮಾಡಬೇಕಿತ್ತು ಅನ್ನೋದು. ಜಗಳ ಹಚ್ಚುತ್ತೀ ಅಂತ ಅವರು ಒಂದು ಸಲವೂ ಅನ್ನಲಿಲ್ಲ. ಅದು ಅವರ ನೀರು.

ಅದೇ ಹೊಲದಲ್ಲಿ ಸಸಿ ಹಚ್ಚುವ ಹೆಣ್ಣುಮಕ್ಕಳ ಕೂಲಿ ಬಗ್ಗೆ ಬರೆದಾಗ ಮಾತ್ರ ಹದಿನೈದು ದಿನ ಮಾತು ಬಿಟ್ಟರು. ಉದ್ಯೋಗ ಖಾತ್ರಿಯಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ, 2024ರಲ್ಲಿ ದಿನಕ್ಕೆ 349 ರೂಪಾಯಿ ಇತ್ತು. ನಮ್ಮ ಹೊಲಗಳಲ್ಲಿ ಹಂಗಲ್ಲ. ಕೆಸರಲ್ಲಿ ದಿನವಿಡೀ ಬಗ್ಗಿ ನಿಲ್ಲುವವರಿಗೆ ಕಡಿಮೆ, ಬದುವಿನ ಮೇಲೆ ನಿಂತು ಸಸಿ ಕಟ್ಟು ಎಸೆಯುವ ಗಂಡಾಳಿಗೆ ಜಾಸ್ತಿ. ಎಸೆಯೋದು ಕಷ್ಟದ ಕೆಲಸ ಅಂತ ಕಾಕಾ ವಾದ. ಒಂದು ದಿನ ಬಗ್ಗಿ ನೋಡಿ ಅಂದದ್ದಕ್ಕೇ ಮಾತು ಬಿಟ್ಟಿದ್ದು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಕಾಕಾಗೆ ಹೊಸ ಸಂಕಟ. ಮೊದಲು ಮೇಸ್ತ್ರಿ ತಂದ ಟಂಟಂ ಹತ್ತಿ, ಅವನು ಕರೆದ ಹೊಲಕ್ಕೆ ಹೋಗುತ್ತಿದ್ದವರು ಈಗ ಕೂಲಿ ಹೆಚ್ಚು ಎಲ್ಲಿದೆಯೋ ಅಲ್ಲಿಗೆ ಬಸ್ಸು ಹತ್ತುತ್ತಾರೆ. "ಫ್ರೀ ಕೊಟ್ಟು ಆಳು ಕೆಡಿಸಿದ್ರು" ಅಂತ ಕಾಕಾ ಬೈಯುತ್ತಾರೆ. ಹುಲಿಗೆಮ್ಮನ ಗುಡಿ ಇರುವ ಹುಲಿಗಿಗೆ ಹೋಗುವ ಬಸ್ಸಿನಲ್ಲಿ ಹುಣ್ಣಿಮೆ ದಿನ ಕಾಲಿಡಲಿಕ್ಕೆ ಜಾಗ ಇರೋದಿಲ್ಲ, ಅದು ನನ್ನದೂ ತಕರಾರು. ಆದರೆ ಬಸ್ಸಿನ ಬಗ್ಗೆ ಬರೆಯುವಾಗ ಬರೀ ನೂಕುನುಗ್ಗಲು ಬರೆದು ಈ ಕೂಲಿ ಲೆಕ್ಕ ಬಿಟ್ಟರೆ ನಾನು ಅರ್ಧ ಬಸ್ಸು ಬರೆದ ಹಾಗೆ.

ಹೋದ ತಿಂಗಳು ದೊಡ್ಡವ್ವನ ಮನೆಗೆ ಹೋಗಿದ್ದೆ. ಮಂಡಿ ನೋವು, ಈಗ ಕೆಲಸಕ್ಕೆ ಹೋಗೋದಿಲ್ಲ. ಒಲೆ ಮೇಲೆ ನೀರಿಟ್ಟು, ನನ್ನ ಕಡೆ ತಿರುಗದೇ, "ಕುಡಿತಿ ಅಲ್ಲ?" ಅಂತ ಕೇಳಿದಳು. ಕುಡಿತೀನಿ ಅಂದೆ. ಹೊಸ ಸ್ಟೀಲ್ ಲೋಟ ಹುಡುಕಿ ತೆಗೆದು, ಸೆರಗಿನಿಂದ ಒರೆಸಿ ಕೊಟ್ಟಳು.

ರಾತ್ರಿ ಅವ್ವನಿಗೆ ಹೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ಕಣ್ಣು ಎತ್ತಲಿಲ್ಲ.

"ಬೆಲ್ಲದ ಚಾ ಕೊಟ್ಟಿರಬೇಕು" ಅಂದಳು. "ಶುಂಠಿ ಜಾಸ್ತಿ ಹಾಕ್ತಾಳ ಆಕಿ."